ಮೈಕ್ರೋಸ್ಟ್ರಿಪ್ ಆಂಟೆನಾ ವಿನ್ಯಾಸ ಮತ್ತು ಸುಧಾರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಉತ್ತರಗಳಲ್ಲಿ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಬಳಸಿದ್ದೇವೆ: 2.45 ಗಿಗಾಹರ್ಟ್ಸ್‌ಗೆ ಮಾಡಿದ ಆಯತಾಕಾರದ ಪ್ಯಾಚ್, 1.6 ಮಿ.ಮೀ. ದಪ್ಪದ ಬೋರ್ಡ್. ಬೇರೆ ಆವೃತ್ತಿಗೆ (ಫ್ರೀಕ್ವೆನ್ಸಿಗೆ) ಮಾಡುವವರು ಅಳತೆಗಳನ್ನು ತರಂಗಾಂತರದ ಲೆಕ್ಕದಲ್ಲಿ ಹಿಗ್ಗಿಸಿ ಅಥವಾ ಕುಗ್ಗಿಸಿಕೊಳ್ಳಬಹುದು.

ಮೈಕ್ರೋಸ್ಟ್ರಿಪ್ ಆಂಟೆನಾ ಕೆಲಸ ಮಾಡುವುದು ಹೇಗೆ?

ಕೆಳಗೆ ಪೂರ್ತಿ ತಾಮ್ರದ ಗ್ರೌಂಡ್, ನಡುವೆ ಸಬ್‌ಸ್ಟ್ರೇಟ್ (ವಿದ್ಯುತ್ ಹರಿಯಗೊಡದ ಬೋರ್ಡ್), ಮೇಲೆ ಅಳತೆಗೆ ಕತ್ತರಿಸಿದ ತಾಮ್ರದ ತುಂಡು, ಅಂದರೆ ಪ್ಯಾಚ್. ಪ್ಯಾಚ್‌ನ ಉದ್ದ ಬೋರ್ಡಿನೊಳಗಿನ ತರಂಗಾಂತರದ ಸುಮಾರು ಅರ್ಧ. ಪ್ಯಾಚ್‌ನ ಮುಖವೇ ಅಲೆಗಳನ್ನು ಹೊರಸೂಸುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಉದ್ದದ ಎರಡು ತುದಿಗಳಲ್ಲಿ ವಿದ್ಯುತ್ ಕ್ಷೇತ್ರ ಅಂಚು ದಾಟಿ ಹೊರಕ್ಕೆ ಬಾಗುತ್ತದೆ, ವಿಕಿರಣ ಹೊರಡುವುದು ಅಲ್ಲಿಂದ. ಎರಡೂ ತುದಿಗಳ ಕ್ಷೇತ್ರದ ಅಡ್ಡ ಭಾಗಗಳು ಒಂದೇ ದಿಕ್ಕಿನಲ್ಲಿರುವುದರಿಂದ ಬೋರ್ಡಿಗೆ ನೇರ ಮೇಲ್ಮುಖವಾಗಿ ಅವು ಕೂಡಿಕೊಳ್ಳುತ್ತವೆ.

ಈ ಆಂಟೆನಾದ ದೌರ್ಬಲ್ಯದ ಕಾರಣವೂ ಇದರಲ್ಲೇ ಇದೆ. ಬೋರ್ಡ್ ತೆಳುವಾದಷ್ಟೂ, ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರವನ್ನು ಹಿಡಿದಿಡುವ ಗುಣದ ಅಳತೆ) ಹೆಚ್ಚಾದಷ್ಟೂ ಕ್ಷೇತ್ರ ಎರಡು ತಾಮ್ರಗಳ ನಡುವೆಯೇ ಸಿಕ್ಕಿಕೊಂಡು ಅಂಚಿನಿಂದ ಹೊರಬರುವುದು ಕಡಿಮೆಯಾಗುತ್ತದೆ. ಆಗ ಕ್ಯೂ (ಕಳೆದುಹೋಗುವ ಶಕ್ತಿಗೆ ಹೋಲಿಸಿದರೆ ಒಳಗೆ ಉಳಿದಿರುವ ಶಕ್ತಿ ಎಷ್ಟು ಎಂಬ ಅಳತೆ) ಏರುತ್ತದೆ, ಬ್ಯಾಂಡ್‌ವಿಡ್ತ್, ಅಂದರೆ ಆಂಟೆನಾ ಚೆನ್ನಾಗಿ ಕೆಲಸ ಮಾಡುವ ಆವೃತ್ತಿಗಳ ಪಟ್ಟಿ, ಕಿರಿದಾಗುತ್ತದೆ. ಎಂಜಿನಿಯರ್ ಡೆಶಾಂ ಮೈಕ್ರೋಸ್ಟ್ರಿಪ್ ಆಂಟೆನಾದ ಕಲ್ಪನೆಯನ್ನು ಮುಂದಿಟ್ಟದ್ದು 1953ರಲ್ಲಿ. ಹೊವೆಲ್ ಮತ್ತು ಮನ್ಸನ್ ಅದನ್ನು ಬಳಕೆಗೆ ತಂದದ್ದು 1970ರ ದಶಕದಲ್ಲಿ, ಕಡಿಮೆ ನಷ್ಟದ ಬೋರ್ಡುಗಳು ಸಿಗತೊಡಗಿದ ಮೇಲೆ. ಅಂದಿನಿಂದ ಇಂದಿನವರೆಗೆ ಈ ಕ್ಷೇತ್ರದ ಹೆಚ್ಚಿನ ಸಂಶೋಧನೆ ಸಿಕ್ಕಿಕೊಂಡ ಕ್ಷೇತ್ರವನ್ನು ಹೊರಗೆ ಬಿಡುವುದು ಹೇಗೆ ಎಂಬುದರ ಸುತ್ತಲೇ ಇದೆ.

ಪ್ಯಾಚ್‌ನ ಅಳತೆ ಲೆಕ್ಕ ಹಾಕುವುದು ಹೇಗೆ?

ಎಫ್‌ಆರ್-4 ಬೋರ್ಡ್ (ಗಾಜಿನ ನಾರು ಮತ್ತು ಎಪಾಕ್ಸಿಯ ಅಗ್ಗದ ಸರ್ಕ್ಯೂಟ್ ಬೋರ್ಡ್) ತೆಗೆದುಕೊಳ್ಳೋಣ. ಡೈಎಲೆಕ್ಟ್ರಿಕ್ ಸ್ಥಿರಾಂಕ 4.4, ದಪ್ಪ 1.6 ಮಿ.ಮೀ. 2.45 ಗಿಗಾಹರ್ಟ್ಸ್‌ನಲ್ಲಿ ಗಾಳಿಯಲ್ಲಿನ ಅರ್ಧ ತರಂಗಾಂತರ 61.2 ಮಿ.ಮೀ.

ಮೊದಲು ಅಗಲ. 2ನ್ನು (ಸ್ಥಿರಾಂಕ + 1)ರಿಂದ, ಅಂದರೆ 5.4ರಿಂದ ಭಾಗಿಸಿ, ವರ್ಗಮೂಲ ತೆಗೆದು 61.2ರಿಂದ ಗುಣಿಸಿ. 37.2 ಮಿ.ಮೀ. ಬರುತ್ತದೆ. ಕ್ಷೇತ್ರದ ಒಂದು ಪಾಲು ಗಾಳಿಯಲ್ಲೂ ಇರುವುದರಿಂದ ಪರಿಣಾಮಕಾರಿ ಸ್ಥಿರಾಂಕ 4.4ಕ್ಕಿಂತ ಕಡಿಮೆ, ಈ ಅಗಲಕ್ಕೆ ಸುಮಾರು 4.08. ಇದರ ವರ್ಗಮೂಲ 2.02. 61.2ನ್ನು ಅದರಿಂದ ಭಾಗಿಸಿದರೆ ವಿದ್ಯುತ್ ಉದ್ದ 30.3 ಮಿ.ಮೀ. ಪ್ರತಿ ತುದಿಯಲ್ಲೂ ಕ್ಷೇತ್ರ ಹೊರಚಾಚುವುದರಿಂದ ಪ್ಯಾಚ್ ತನ್ನ ನಿಜ ಉದ್ದಕ್ಕಿಂತ ಸುಮಾರು 0.74 ಮಿ.ಮೀ. ಹೆಚ್ಚು ಉದ್ದವಿರುವಂತೆ ವರ್ತಿಸುತ್ತದೆ. ಎರಡೂ ತುದಿಗಳದ್ದನ್ನು ಕಳೆದರೆ ಕತ್ತರಿಸಬೇಕಾದ ಉದ್ದ 28.8 ಮಿ.ಮೀ.

ಆವೃತ್ತಿಯನ್ನು ನಿರ್ಧರಿಸುವುದು ಉದ್ದ. ಅದರಲ್ಲಿ 0.1 ಮಿ.ಮೀ. ಏರುಪೇರಾದರೆ ಸುಮಾರು 8 ಮೆಗಾಹರ್ಟ್ಸ್ ಸರಿಯುತ್ತದೆ. ಅಗಲದಲ್ಲಿ ಅರ್ಧ ಮಿ.ಮೀ. ತಪ್ಪಿದರೂ ಹೆಚ್ಚೇನೂ ಆಗದು. ಗ್ರೌಂಡ್ ಪ್ಯಾಚ್‌ನ ಎಲ್ಲ ಬದಿಗೂ ದಪ್ಪದ ಕನಿಷ್ಠ 6 ಪಟ್ಟು, ಅಂದರೆ 10 ಮಿ.ಮೀ. ಹೊರಗಿರಲಿ. ಹಿಂಬದಿಗೆ ಸೋರುವ ಶಕ್ತಿ ಕಡಿಮೆಯಾಗಬೇಕಾದರೆ 30 ಮಿ.ಮೀ. ಕೊಡಿ.

ಎಫ್‌ಆರ್-4 ಬಳಸಬಹುದೇ, ದುಬಾರಿ ಬೋರ್ಡ್ ಬೇಕೇ ಬೇಕೇ?

ಬಳಸಬಹುದು, ಆದರೆ ಏನನ್ನು ಕಳೆದುಕೊಳ್ಳುತ್ತೀರಿ ಎಂಬ ಲೆಕ್ಕ ಗೊತ್ತಿರಬೇಕು. ಎಫ್‌ಆರ್-4ರ ಲಾಸ್ ಟ್ಯಾಂಜೆಂಟ್ (ಬೋರ್ಡ್ ಶಕ್ತಿಯನ್ನು ಶಾಖವಾಗಿ ಕಳೆಯುವ ಪ್ರಮಾಣ) ಸುಮಾರು 0.02. ಅಂದರೆ ಬೋರ್ಡಿನ ನಷ್ಟವೊಂದರಿಂದಲೇ ಬರುವ ಕ್ಯೂ 50. ನಮ್ಮ ಪ್ಯಾಚ್‌ನ ವಿಕಿರಣದ ಕ್ಯೂ ಸುಮಾರು 63, ತಾಮ್ರದ್ದು 1200ರ ಆಸುಪಾಸು. ಮೂರನ್ನೂ ಸಮಾಂತರವಾಗಿ ಕೂಡಿದರೆ ಒಟ್ಟು ಕ್ಯೂ 27. ದಕ್ಷತೆ 27 ಭಾಗಿಸು 63, ಅಂದರೆ ಶೇ. 43. ಕೊಟ್ಟ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಬೋರ್ಡಿನಲ್ಲೇ ಶಾಖವಾಗಿ ಹೋಗುತ್ತದೆ. ಗೇನ್ (ಎಲ್ಲ ದಿಕ್ಕಿಗೂ ಸಮವಾಗಿ ಹೊರಸೂಸುವ ಆದರ್ಶ ಆಂಟೆನಾಕ್ಕೆ ಹೋಲಿಸಿದ ಬಲ, ಅಳೆಯುವುದು ಡಿಬಿಐಯಲ್ಲಿ) 2.5ರಿಂದ 3 ಡಿಬಿಐ.

ಇದೇ ಆಂಟೆನಾವನ್ನು ಸ್ಥಿರಾಂಕ 2.2, ಲಾಸ್ ಟ್ಯಾಂಜೆಂಟ್ 0.0009 ಇರುವ ಪಿಟಿಎಫ್‌ಇ ಬೋರ್ಡಿನಲ್ಲಿ (ಆರ್‌ಟಿ ಡ್ಯುರಾಯ್ಡ್ 5880 ಈ ಬಗೆಯದು) ಮಾಡಿದರೆ ಅಳತೆ 48.4 × 40.5 ಮಿ.ಮೀ. ಆಗುತ್ತದೆ, ದಕ್ಷತೆ ಶೇ. 90 ದಾಟುತ್ತದೆ, ಗೇನ್ 7 ಡಿಬಿಐ ಹತ್ತಿರ ಬರುತ್ತದೆ.

ಈಗ ಬ್ಯಾಂಡ್‌ವಿಡ್ತ್ ನೋಡಿ. ವಿಎಸ್‌ಡಬ್ಲ್ಯುಆರ್ (ಹೊಂದಾಣಿಕೆಯ ಅಳತೆ, 1 ಎಂದರೆ ಪರಿಪೂರ್ಣ) 2ರ ಮಿತಿಗೆ ಅದು 0.707 ಭಾಗಿಸು ಕ್ಯೂ. ಎಫ್‌ಆರ್-4ರಲ್ಲಿ ಶೇ. 2.6, ಒಳ್ಳೆಯ ಬೋರ್ಡಿನಲ್ಲಿ ಶೇ. 1.6. ಕಳಪೆ ಬೋರ್ಡಿನ ಎಸ್11 (ಆಂಟೆನಾದಿಂದ ವಾಪಸು ಬರುವ ಶಕ್ತಿಯ ಅಳತೆ) ರೇಖೆಯೇ ಹೆಚ್ಚು ಅಗಲ! ಆ ಹೆಚ್ಚುವರಿ ಅಗಲ ಪೂರ್ತಿ ನಷ್ಟದಿಂದ ಬಂದದ್ದು. ಎಸ್11 ಚೆನ್ನಾಗಿದೆ ಎಂದರೆ ಶಕ್ತಿ ವಾಪಸು ಬರುತ್ತಿಲ್ಲ ಎಂದಷ್ಟೇ ಅರ್ಥ, ಅದು ಗಾಳಿಗೆ ಹೋಯಿತೋ ಬೋರ್ಡನ್ನು ಬಿಸಿ ಮಾಡಿತೋ ಎಂಬುದನ್ನು ಎಸ್11 ಹೇಳುವುದಿಲ್ಲ. 50 ಓಮ್‌ನ ರೆಸಿಸ್ಟರ್ ಒಂದನ್ನು ಕನೆಕ್ಟರ್‌ಗೆ ಬೆಸೆದರೂ ಎಸ್11 ಅತ್ಯುತ್ತಮವಾಗಿಯೇ ಬರುತ್ತದೆ. ಯಾವುದೇ ಸುಧಾರಣೆಯನ್ನು ಒಪ್ಪುವ ಮೊದಲು ಗೇನ್ ಅಥವಾ ದಕ್ಷತೆ ಎಷ್ಟಾಯಿತು ಎಂದು ಕೇಳಿ.

ಕಲಿಕೆಗೆ, ಕೊಠಡಿಯೊಳಗಿನ ಚಿಕ್ಕ ಸಂಪರ್ಕಕ್ಕೆ ಎಫ್‌ಆರ್-4 ಸಾಕು. ಬಹಳ ದೂರದ ಸಂಪರ್ಕಕ್ಕೆ, 5 ಗಿಗಾಹರ್ಟ್ಸ್ ಮೇಲಿನ ಅರೇಗಳಿಗೆ (ಹಲವು ಪ್ಯಾಚ್‌ಗಳ ಜೋಡಣೆಗಳಿಗೆ) ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಫೀಡ್ (ಪ್ಯಾಚ್‌ಗೆ ಶಕ್ತಿ ತಲುಪಿಸುವ ದಾರಿ) ಯಾವ ಬಗೆಯದು ಇರಬೇಕು? 50 ಓಮ್‌ಗೆ ಹೊಂದಿಸುವುದು ಹೇಗೆ?

ಪ್ಯಾಚ್‌ನ ಅಂಚಿನಲ್ಲಿ ಪ್ರತಿರೋಧ ಹೆಚ್ಚು, ನಡುವಿನಲ್ಲಿ ಸೊನ್ನೆ. ಅಂಚಿನಿಂದ ಒಳಕ್ಕೆ ಸರಿದಂತೆ ಕೊಸೈನ್ ವರ್ಗದ ಪ್ರಕಾರ ಇಳಿಯುತ್ತದೆ. ಅಂಚಿನಲ್ಲಿ 200 ಓಮ್ ಇದ್ದರೆ ಉದ್ದದ ಮೂರನೇ ಒಂದರಷ್ಟು, ಅಂದರೆ 9.6 ಮಿ.ಮೀ. ಒಳಗೆ 50 ಓಮ್ ಸಿಗುತ್ತದೆ. ಅಂಚಿನಲ್ಲಿ 150 ಇದ್ದರೆ 8.8 ಮಿ.ಮೀ. ಸಾಕು.

ಇನ್‌ಸೆಟ್ ಫೀಡ್ (ಪ್ಯಾಚನ್ನು ಕೊರೆದು ಗೆರೆಯನ್ನು ಅದರೊಳಕ್ಕೆ ತಂದು ಜೋಡಿಸುವುದು) ಮಾಡುವಾಗ 50 ಓಮ್ ಗೆರೆಯ ಅಗಲ 1.6 ಮಿ.ಮೀ. ಎಫ್‌ಆರ್-4ರಲ್ಲಿ ಸುಮಾರು 3 ಮಿ.ಮೀ. ಗೆರೆಯ ಎರಡೂ ಬದಿಗೆ 1 ಮಿ.ಮೀ. ಸಂದು ಬಿಟ್ಟು ಶುರುಮಾಡಿ. ಸಂದು ಕೂಡ ಹೊಂದಾಣಿಕೆಯನ್ನು ಕದಲಿಸುವುದರಿಂದ ಸೂತ್ರದಿಂದ ಬಂದ ಆಳ ಆರಂಭದ ಅಂದಾಜು ಮಾತ್ರ, ಸಿಮ್ಯುಲೇಶನ್‌ನಲ್ಲಿ ಅರ್ಧರ್ಧ ಮಿ.ಮೀ. ಸರಿಸಿ ನೋಡಬೇಕು. ಪ್ಯಾಚನ್ನು ಕೊರೆಯುವುದು ಬೇಡವೆನಿಸಿದರೆ ಕಾಲು ತರಂಗಾಂತರದ ಟ್ರಾನ್ಸ್‌ಫಾರ್ಮರ್ ಇದೆ: 200ರಿಂದ 50ಕ್ಕೆ ಇಳಿಸಲು 100 ಓಮ್ ಗೆರೆ, ಅಗಲ 0.7 ಮಿ.ಮೀ. ಆಸುಪಾಸು, ಉದ್ದ 17ರಿಂದ 18 ಮಿ.ಮೀ.

ಕೆಳಗಿನಿಂದ ಪಿನ್ ತೂರಿಸುವ ಕೋಆಕ್ಸಿಯಲ್ ಫೀಡ್‌ನಲ್ಲಿ ಫೀಡ್ ಗೆರೆಯ ವಿಕಿರಣದ ತೊಂದರೆ ಇಲ್ಲ. ಆದರೆ ಬೋರ್ಡ್ ದಪ್ಪವಾದಂತೆ ಪಿನ್ ಇಂಡಕ್ಟರ್ ಆಗಿ ವರ್ತಿಸುತ್ತದೆ. 1.27 ಮಿ.ಮೀ. ವ್ಯಾಸದ ಎಸ್‌ಎಂಎ ಪಿನ್ 1.6 ಮಿ.ಮೀ. ಎಫ್‌ಆರ್-4ರಲ್ಲಿ ಸುಮಾರು 14 ಓಮ್ ಇಂಡಕ್ಟಿವ್ ರಿಯಾಕ್ಟನ್ಸ್ ತರುತ್ತದೆ, ಅದನ್ನು ಸಹಿಸಬಹುದು. ಬೋರ್ಡಿನ ಬದಲು 5 ಮಿ.ಮೀ. ಗಾಳಿಯ ಅಂತರವಿದ್ದಲ್ಲಿ ಅದೇ ಪಿನ್ 55 ಓಮ್ ತರುತ್ತದೆ. ಆಗ ಪಿನ್ನನ್ನು ಎಷ್ಟು ಸರಿಸಿದರೂ ಹೊಂದಾಣಿಕೆ ಕೂಡಿಬರುವುದಿಲ್ಲ. ಸರಣಿಯಲ್ಲಿ ಸುಮಾರು 1.2 ಪಿಕೋಫ್ಯಾರಡ್ ಬೇಕು. ಬಿಡಿ ಕೆಪಾಸಿಟರ್ ಹಾಕುವ ಬದಲು ಪಿನ್ನಿನ ಸುತ್ತ ಪ್ಯಾಚ್‌ನಲ್ಲಿ ಉಂಗುರದಂಥ ಸಂದು ಕೊರೆಯುವುದು, ಅಥವಾ ಪಿನ್ನನ್ನು ಎಲ್ ಆಕಾರದಲ್ಲಿ ಬಗ್ಗಿಸಿ ಪ್ಯಾಚ್‌ಗೆ ತಾಗದಂತೆ ನಿಲ್ಲಿಸುವುದು ಹೆಚ್ಚು ಚೊಕ್ಕ.

ಪೋಜರ್ 1985ರಲ್ಲಿ ತೋರಿಸಿಕೊಟ್ಟ ಅಪರ್ಚರ್ ಕಪ್ಲಿಂಗ್‌ನಲ್ಲಿ ಫೀಡ್ ಗೆರೆ ಗ್ರೌಂಡಿನ ಕೆಳಗಿರುತ್ತದೆ, ಗ್ರೌಂಡಿನ ಸಣ್ಣ ಸೀಳಿನ ಮೂಲಕ ಶಕ್ತಿ ಪ್ಯಾಚ್‌ಗೆ ದಾಟುತ್ತದೆ. ಫೀಡ್‌ಗೆ ಒಂದು ಬೋರ್ಡ್, ಪ್ಯಾಚ್‌ಗೆ ಇನ್ನೊಂದು ಎಂದು ಬೇರೆ ಬೇರೆಯಾಗಿ ಆರಿಸಿಕೊಳ್ಳಬಹುದು. ಎರಡು ಪದರಗಳನ್ನು ನಿಖರವಾಗಿ ಜೋಡಿಸುವುದು ಮಾತ್ರ ಕಷ್ಟ.

ಬ್ಯಾಂಡ್‌ವಿಡ್ತ್ ಹೆಚ್ಚಿಸಲು ನಿಜವಾಗಿ ಕೆಲಸ ಮಾಡುವ ದಾರಿಗಳು ಯಾವುವು?

2.4ರಿಂದ 2.4835 ಗಿಗಾಹರ್ಟ್ಸ್‌ನ ಪಟ್ಟಿ 83.5 ಮೆಗಾಹರ್ಟ್ಸ್ ಅಗಲ, ಶೇ. 3.4. ನಮ್ಮ ಎಫ್‌ಆರ್-4 ಪ್ಯಾಚ್ ಕೊಡುವುದು ಸುಮಾರು 64 ಮೆಗಾಹರ್ಟ್ಸ್. ಸಾದಾ ಪ್ಯಾಚ್ ಈ ಪಟ್ಟಿಯನ್ನು ಪೂರ್ತಿ ಮುಚ್ಚುವುದಿಲ್ಲ.

ಮೊದಲು ನೋಡಬೇಕಾದ್ದು ಬೋರ್ಡಿನ ಬದಲು ಗಾಳಿ. ಗ್ರೌಂಡಿನ ಮೇಲೆ ಪ್ಲಾಸ್ಟಿಕ್ ಕಂಬಗಳಿಂದ ಅಥವಾ ಫೋಮ್ ಹಾಳೆಯಿಂದ 5 ಮಿ.ಮೀ. ಎತ್ತರಿಸಿದ ತಾಮ್ರದ ಪ್ಯಾಚ್ ಸಾಕು. ಉದ್ದ 54 ಮಿ.ಮೀ. ಆಸುಪಾಸಿಗೆ ಏರುತ್ತದೆ, ಬ್ಯಾಂಡ್‌ವಿಡ್ತ್ ಶೇ. 5ರಿಂದ 8ರವರೆಗೆ ಸಿಗುತ್ತದೆ, ಗೇನ್ 8 ಡಿಬಿಐ ಮೀರುತ್ತದೆ. ಜಾಗ ಇರುವವರಿಗೆ ನಮ್ಮ ಮೊದಲ ಸಲಹೆ ಯಾವಾಗಲೂ ಇದೇ. ಇಷ್ಟು ಕಡಿಮೆ ಖರ್ಚಿನಲ್ಲಿ ಗೇನ್ ಮತ್ತು ಬ್ಯಾಂಡ್‌ವಿಡ್ತ್ ಎರಡನ್ನೂ ಒಟ್ಟಿಗೆ ಏರಿಸುವ ಬೇರೆ ಉಪಾಯ ಇಲ್ಲ.

ಎರಡನೆಯದು ಒಂದರ ಮೇಲೊಂದು ಪ್ಯಾಚ್. ಕೆಳಗಿನ ಪ್ಯಾಚ್‌ಗೆ ಫೀಡ್ ಕೊಟ್ಟು, 5ರಿಂದ 10 ಮಿ.ಮೀ. ಮೇಲೆ ಫೀಡ್ ಇಲ್ಲದ ಇನ್ನೊಂದನ್ನು ಇಡುತ್ತಾರೆ. ಎರಡು ಅನುರಣನಗಳು ಅಕ್ಕಪಕ್ಕ ಬಂದು ಸೇರಿದಾಗ ಶೇ. 10ರಿಂದ 20 ಸಿಗುತ್ತದೆ. ಸ್ಮಿತ್ ಚಾರ್ಟ್‌ನಲ್ಲಿ (ಹೊಂದಾಣಿಕೆಯನ್ನು ತೋರಿಸುವ ವೃತ್ತಾಕಾರದ ನಕ್ಷೆಯಲ್ಲಿ) ಸಣ್ಣ ಕುಣಿಕೆಯೊಂದು ಮೂಡಿ, ಅದು ನಡುವಿನ ಬಿಂದುವನ್ನು ಸುತ್ತುವಂತಿದ್ದರೆ ಜೋಡಣೆ ಸರಿಯಾಗಿದೆ. ಕುಣಿಕೆ ತೀರಾ ದೊಡ್ಡದಾದರೆ ಪ್ಯಾಚ್‌ಗಳ ಅಂತರ ಹೆಚ್ಚಿಸಿ, ಮೂಡದೇ ಇದ್ದರೆ ಕಡಿಮೆ ಮಾಡಿ.

ಮೂರನೆಯದು ಪ್ಯಾಚ್‌ನೊಳಗೆ ಯು ಆಕಾರದ ಸೀಳು ಅಥವಾ ಇ ಆಕಾರದ ಪ್ಯಾಚ್. ಶೇ. 20ರಿಂದ 30ರಷ್ಟು ಬರುತ್ತದೆ ಎಂದು ಓದಿ ಇದನ್ನು 1.6 ಮಿ.ಮೀ. ಎಫ್‌ಆರ್-4ರಲ್ಲಿ ಮಾಡಿ ನಿರಾಶರಾಗುವವರು ಬಹಳ. ಆ ಸಂಖ್ಯೆಗಳು ಸುಮಾರು 0.08 ತರಂಗಾಂತರ, ಅಂದರೆ 2.45 ಗಿಗಾಹರ್ಟ್ಸ್‌ನಲ್ಲಿ 10 ಮಿ.ಮೀ. ಗಾಳಿ ಅಥವಾ ಫೋಮ್ ಇದ್ದಾಗ ಸಿಗುವಂಥವು. ಸೀಳು ಅಲ್ಲಿ ಉದ್ದ ಪಿನ್ನಿನ ಇಂಡಕ್ಟನ್ಸನ್ನು ಸರಿದೂಗಿಸಿ ಎರಡನೆಯ ಅನುರಣನ ಕೊಡುತ್ತದೆ. ತೆಳು ಬೋರ್ಡಿನಲ್ಲಿ ಸರಿದೂಗಿಸಲು ಏನೂ ಇಲ್ಲ, ಎರಡು ಕಿರಿದಾದ ಪಟ್ಟಿಗಳಷ್ಟೇ ಸಿಗುತ್ತವೆ.

ಹೆಚ್ಚು ಸ್ಥಿರಾಂಕದ ಬೋರ್ಡನ್ನೇ ದಪ್ಪ ಮಾಡುತ್ತ ಹೋಗುವುದು ಒಳ್ಳೆಯ ದಾರಿಯಲ್ಲ. ಶಕ್ತಿ ಮೇಲ್ಮೈ ತರಂಗವಾಗಿ ಬೋರ್ಡಿನೊಳಗೇ ಓಡಿ ಅಂಚುಗಳಲ್ಲಿ ಚದುರಿ ವಿಕಿರಣ ಮಾದರಿಯನ್ನು ಕೆಡಿಸುತ್ತದೆ. ಟಿಎಂ0 ಎಂಬ ಮೇಲ್ಮೈ ತರಂಗಕ್ಕೆ ಕೆಳಮಿತಿಯ ಆವೃತ್ತಿಯೇ ಇಲ್ಲ, ಎಷ್ಟೇ ತೆಳು ಬೋರ್ಡಾದರೂ ಅದು ಸ್ವಲ್ಪ ಇದ್ದೇ ಇರುತ್ತದೆ, ದಪ್ಪದೊಂದಿಗೆ ಹೆಚ್ಚುತ್ತದೆ.

ಗ್ರೌಂಡನ್ನು ಕತ್ತರಿಸಿದರೆ ಬ್ಯಾಂಡ್‌ವಿಡ್ತ್ ಹಲವು ಪಟ್ಟು ಏರುತ್ತದಲ್ಲ, ಅದನ್ನೇ ಏಕೆ ಮಾಡಬಾರದು?

ಪ್ಯಾಚ್‌ನ ಅಡಿಯ ಗ್ರೌಂಡ್ ತೆಗೆದರೆ ಅದು ಮೈಕ್ರೋಸ್ಟ್ರಿಪ್ ಪ್ಯಾಚ್ ಆಗಿ ಉಳಿಯುವುದಿಲ್ಲ, ಬೋರ್ಡಿನ ಮೇಲೆ ಮುದ್ರಿಸಿದ ಮೊನೊಪೋಲ್ ಆಗುತ್ತದೆ. ಬ್ಯಾಂಡ್‌ವಿಡ್ತ್ ಖಂಡಿತ ಏರುತ್ತದೆ. ಆದರೆ ಅದು ಎರಡೂ ಬದಿಗೆ ಹೊರಸೂಸುತ್ತದೆ, ಗೇನ್ 2ರಿಂದ 3 ಡಿಬಿಐ ಹತ್ತಿರ ನಿಲ್ಲುತ್ತದೆ, ಹಿಂದೆ ಬ್ಯಾಟರಿಯೋ ಲೋಹದ ತಗಡೋ ಬಂದರೆ ಹೊಂದಾಣಿಕೆ ಪೂರ್ತಿ ಕೆಡುತ್ತದೆ. ಲೋಹದ ಮೇಲೆ ಅಂಟಿಸಿದರೂ ಕೆಲಸ ಮಾಡುವುದು ಪ್ಯಾಚ್‌ನ ದೊಡ್ಡ ಗುಣ, ಅದನ್ನೇ ಕೈಬಿಟ್ಟಂತೆ. ಅಗಲ ಪಟ್ಟಿಯೇ ಮುಖ್ಯವಾದ ಕೆಲಸಕ್ಕೆ ಮೊನೊಪೋಲ್ ಸರಿಯಾದ ಆಯ್ಕೆ, ಆದರೆ ಅದನ್ನು ಪ್ಯಾಚ್‌ನ ಸುಧಾರಣೆ ಎಂದು ಲೆಕ್ಕಕ್ಕೆ ಹಿಡಿಯಬಾರದು.

ಗ್ರೌಂಡಿನಲ್ಲಿ ಸಣ್ಣ ಸೀಳುಗಳನ್ನು ಕೊರೆಯುವ ಡಿಜಿಎಸ್ ಬೇರೆಯೇ ವಿಷಯ. ಎರಡು ಪ್ಯಾಚ್‌ಗಳ ನಡುವಿನ ಪರಸ್ಪರ ಸೋರಿಕೆ ತಗ್ಗಿಸಲು, ಹಾರ್ಮೋನಿಕ್ ತಡೆಯಲು, ಗಾತ್ರ ಸ್ವಲ್ಪ ಇಳಿಸಲು ಅದು ಉಪಯುಕ್ತ. ಹಿಂಬದಿ ವಿಕಿರಣ ಎಷ್ಟು ಹೆಚ್ಚಿತು ಎಂಬುದನ್ನು ಜೊತೆಗೇ ಅಳೆದುಕೊಳ್ಳಿ.

ಗೇನ್ ಹೆಚ್ಚಿಸುವುದು ಹೇಗೆ?

ಮೊದಲು ನಷ್ಟ ನಿಲ್ಲಿಸಿ. ಎಫ್‌ಆರ್-4 ಬಿಟ್ಟು ಗಾಳಿಗೆ ಅಥವಾ ಒಳ್ಳೆಯ ಬೋರ್ಡಿಗೆ ಬಂದರೆ ಒಂದೇ ಪ್ಯಾಚ್‌ನಲ್ಲಿ 4 ಡಿಬಿ ಅಥವಾ ಅದಕ್ಕೂ ಹೆಚ್ಚು ಸಿಗುತ್ತದೆ. ಎಫ್‌ಆರ್-4ರಲ್ಲಿ ಇಷ್ಟನ್ನು ಗಳಿಸಲು ನಾಲ್ಕು ಪ್ಯಾಚ್‌ಗಳ ಅರೇ ಬೇಕಾಗುತ್ತದೆ.

ಅರೇಯಲ್ಲಿ ಪ್ಯಾಚ್‌ಗಳ ಸಂಖ್ಯೆ ದುಪ್ಪಟ್ಟಾದಂತೆ ತಾತ್ವಿಕವಾಗಿ 3 ಡಿಬಿ ಏರಿಕೆ. ನಡುವಿನಿಂದ ನಡುವಿಗೆ ಅಂತರ 0.7 ತರಂಗಾಂತರ, ಅಂದರೆ 86 ಮಿ.ಮೀ. ಇಟ್ಟುಕೊಳ್ಳಿ. ಒಂದು ತರಂಗಾಂತರ ಮುಟ್ಟಿದರೆ ಅಡ್ಡ ದಿಕ್ಕಿನಲ್ಲಿ ಗ್ರೇಟಿಂಗ್ ಲೋಬ್ (ಬೇಡದ ಇನ್ನೊಂದು ಕಿರಣ) ಏಳುತ್ತದೆ. ಫೀಡ್ ಗೆರೆಯ ನಷ್ಟವನ್ನು ಮರೆಯಬೇಡಿ: 2.45 ಗಿಗಾಹರ್ಟ್ಸ್‌ನಲ್ಲಿ ಎಫ್‌ಆರ್-4ರ 50 ಓಮ್ ಗೆರೆ 10 ಸೆಂ.ಮೀ.ಗೆ 0.8ರಿಂದ 1 ಡಿಬಿ ನುಂಗುತ್ತದೆ. ಅರೇ ದೊಡ್ಡದಾದಂತೆ ಗೆರೆಗಳೂ ಉದ್ದವಾಗುವುದರಿಂದ ಪ್ರತಿ ಹೆಜ್ಜೆಗೂ ಲಾಭ ಕುಗ್ಗುತ್ತದೆ.

ಪ್ಯಾಚ್‌ನಿಂದ ಸುಮಾರು ಅರ್ಧ ತರಂಗಾಂತರ ಮೇಲೆ ಭಾಗಶಃ ಪ್ರತಿಫಲಿಸುವ ಹಾಳೆ ಇಡುವ ಕ್ರಮವೂ ಇದೆ. ಗೇನ್ ಚೆನ್ನಾಗಿ ಏರುತ್ತದೆ, ಪಟ್ಟಿ ಕಿರಿದಾಗುತ್ತದೆ, ಮತ್ತು 61 ಮಿ.ಮೀ. ಎತ್ತರ ಬೇಕು.

ಆಂಟೆನಾವನ್ನು ಚಿಕ್ಕದು ಮಾಡಬೇಕು. ಏನು ಮಾಡಲಿ?

ಪ್ಯಾಚ್‌ನ ಉದ್ದದ ಸರಿ ಅರ್ಧದಲ್ಲಿ ಹಾಯುವ ಅಡ್ಡಗೆರೆಯಲ್ಲಿ ವಿದ್ಯುತ್ ಕ್ಷೇತ್ರ ಸೊನ್ನೆ. ಅಲ್ಲಿ ಸಾಲಾಗಿ ವಯಾಗಳನ್ನು (ಒಳಗೆ ತಾಮ್ರವಿರುವ ತೂತುಗಳನ್ನು) ಹಾಕಿ ಗ್ರೌಂಡಿಗೆ ಬೆಸೆದು ಅರ್ಧ ಪ್ಯಾಚನ್ನು ತೆಗೆದುಹಾಕಬಹುದು. ಉದ್ದ 14.4 ಮಿ.ಮೀ.ಗೆ ಇಳಿಯುತ್ತದೆ, ಗೇನ್ ಕಡಿಮೆಯಾಗುತ್ತದೆ. ಪ್ಯಾಚ್‌ನಲ್ಲಿ ಅಡ್ಡ ಸೀಳುಗಳನ್ನು ಕೊರೆದು ಪ್ರವಾಹವನ್ನು ಸುತ್ತಿಬಳಸಿ ಹರಿಸಿದರೂ ಗಾತ್ರ ಇಳಿಯುತ್ತದೆ, ಅದರ ಬೆಲೆ ಬ್ಯಾಂಡ್‌ವಿಡ್ತ್‌ನಲ್ಲಿ ತೆರಬೇಕು. ಮೂರನೆಯದು ಹೆಚ್ಚು ಸ್ಥಿರಾಂಕದ ಸೆರಾಮಿಕ್: 1575.42 ಮೆಗಾಹರ್ಟ್ಸ್‌ನ ಜಿಪಿಎಸ್‌ಗೆ ಬರುವ 25 × 25 × 4 ಮಿ.ಮೀ. ಪ್ಯಾಚ್‌ಗಳು ಇಂಥವು. ಇವನ್ನು ನಿರ್ದಿಷ್ಟ ಗಾತ್ರದ ಗ್ರೌಂಡಿಗೆ, ಸಾಮಾನ್ಯವಾಗಿ 70 × 70 ಮಿ.ಮೀ.ಗೆ, ಹೊಂದಿಸಿರುತ್ತಾರೆ. ನಿಮ್ಮ ಬೋರ್ಡ್ ಅದಕ್ಕಿಂತ ಚಿಕ್ಕದಾದರೆ ಕೆಲವು ಮೆಗಾಹರ್ಟ್ಸ್ ಸರಿಯುತ್ತದೆ, ಕಿರಿದಾದ ಪಟ್ಟಿಗೆ ಅಷ್ಟೇ ಸಾಕು ಕೆಡಿಸಲು.

ವೃತ್ತೀಯ ಧ್ರುವೀಕರಣ (ವಿದ್ಯುತ್ ಕ್ಷೇತ್ರ ಸುತ್ತುತ್ತ ಸಾಗುವುದು) ಪಡೆಯುವ ಸುಲಭ ದಾರಿ?

ಚೌಕ ಪ್ಯಾಚ್‌ನ ಎದುರುಬದುರು ಎರಡು ಮೂಲೆಗಳನ್ನು ಕತ್ತರಿಸಿ, ಒಂದು ಬದಿಯ ನಡುವಿನಿಂದ ಫೀಡ್ ಕೊಡಿ. ನಮ್ಮ ಎಫ್‌ಆರ್-4 ಉದಾಹರಣೆಗೆ 4 ಮಿ.ಮೀ. ಕಾಲಿನ ತ್ರಿಕೋನದಿಂದ ಶುರುಮಾಡಬಹುದು. ಕ್ಯೂ ಹೆಚ್ಚಿರುವ ಬೋರ್ಡಿನಲ್ಲಿ ಅಳತೆಯ ಹೋಲಿಕೆಯಲ್ಲಿ ಇನ್ನೂ ಸಣ್ಣ ತುಂಡು ಸಾಕು. ಆಕ್ಸಿಯಲ್ ರೇಶಿಯೋ (ಧ್ರುವೀಕರಣ ವೃತ್ತಕ್ಕೆ ಎಷ್ಟು ಹತ್ತಿರ ಎಂಬ ಅಳತೆ) 3 ಡಿಬಿ ಒಳಗಿರುವ ಪಟ್ಟಿ ಎಸ್11 ಪಟ್ಟಿಗಿಂತ ಬಹಳ ಕಿರಿದು, ಆದ್ದರಿಂದ ಅದನ್ನು ಬೇರೆಯಾಗಿ ನೋಡಲೇಬೇಕು. ಪಟ್ಟಿ ಅಗಲವಾಗಬೇಕಾದರೆ 90 ಡಿಗ್ರಿ ಹೈಬ್ರಿಡ್‌ನಿಂದ (ಶಕ್ತಿಯನ್ನು 90 ಡಿಗ್ರಿ ಹಂತ ವ್ಯತ್ಯಾಸದ ಎರಡು ಪಾಲು ಮಾಡುವ ಸರ್ಕ್ಯೂಟಿನಿಂದ) ಎರಡು ಫೀಡ್ ಕೊಡಿ.

ಸಿಮ್ಯುಲೇಶನ್‌ನಲ್ಲಿ ಸರಿಯಿತ್ತು, ಮಾಡಿದ ಮೇಲೆ ಆವೃತ್ತಿ ಸರಿದಿದೆ. ಏಕೆ?

ಹೆಚ್ಚಿನ ಸಲ ಬೋರ್ಡಿನ ಸ್ಥಿರಾಂಕವೇ ಕಾರಣ. ಎಫ್‌ಆರ್-4 ಎಂದು ಬರುವ ಬೋರ್ಡುಗಳಲ್ಲಿ ಅದು 4.2ರಿಂದ 4.7ರವರೆಗೆ ಇರಬಹುದು. 4.4 ಎಂದು ಲೆಕ್ಕ ಹಾಕಿ ನಿಜವಾಗಿ 4.6 ಇದ್ದರೆ 50 ಮೆಗಾಹರ್ಟ್ಸ್‌ನಷ್ಟು ಕೆಳಗಿಳಿಯುತ್ತದೆ, ಒಟ್ಟು ಪಟ್ಟಿಯೇ 64 ಮೆಗಾಹರ್ಟ್ಸ್ ಎಂಬುದು ನೆನಪಿರಲಿ. ಅದೇ ಬ್ಯಾಚಿನ ಬೋರ್ಡಿನಲ್ಲಿ ಮೊದಲೊಂದು ಸಾದಾ ಪ್ಯಾಚ್ ಮಾಡಿ, ಅದರ ಅನುರಣನದಿಂದ ಸ್ಥಿರಾಂಕವನ್ನು ಹಿಂದಕ್ಕೆ ಲೆಕ್ಕ ಹಾಕಿ, ಆಮೇಲೆ ಅಂತಿಮ ವಿನ್ಯಾಸಕ್ಕೆ ಕೈಹಾಕುವುದು ಸರಿಯಾದ ಕ್ರಮ. ಸಾಲ್ಡರ್ ಮಾಸ್ಕ್ ಬಳಿದಿದ್ದರೂ ಆವೃತ್ತಿ ಸ್ವಲ್ಪ ಇಳಿಯುತ್ತದೆ, ಪ್ಯಾಚ್‌ನ ಮೇಲೆ ಮಾಸ್ಕ್ ಬೇಡವೆಂದು ಫೈಲಿನಲ್ಲೇ ತಿಳಿಸಿ. ಮನೆಯಲ್ಲಿ ಫೆರಿಕ್ ಕ್ಲೋರೈಡ್‌ನಲ್ಲಿ ಎಚ್ ಮಾಡುವವರು (ಬೇಡದ ತಾಮ್ರ ಕರಗಿಸುವವರು) ಬೋರ್ಡನ್ನು ಹೆಚ್ಚು ಹೊತ್ತು ಬಿಟ್ಟರೆ ಅಂಚಿನ ತಾಮ್ರ ಒಳಕ್ಕೆ ಸವೆದು ಆವೃತ್ತಿ ಮೇಲೇರುತ್ತದೆ. ಹಿಂಬದಿಯ ಗ್ರೌಂಡಿಗೆ ಅಂಟುಪಟ್ಟಿ ಹಾಕಿ ಕಾಪಾಡಿಕೊಳ್ಳಿ.

ಸಿಮ್ಯುಲೇಶನ್ ಕಡೆಯ ತಪ್ಪುಗಳೂ ಇವೆ. ವಿಕಿರಣ ಗಡಿಯನ್ನು ಪ್ಯಾಚ್‌ನಿಂದ ಕಾಲು ತರಂಗಾಂತರಕ್ಕಿಂತ, ಅಂದರೆ 30 ಮಿ.ಮೀ.ಗಿಂತ ಹತ್ತಿರ ಇಡುವುದು, ಗ್ರೌಂಡನ್ನು ಅನಂತ ಎಂದು ಹಿಡಿಯುವುದು, ಲಾಸ್ ಟ್ಯಾಂಜೆಂಟ್ ಸೊನ್ನೆಯಲ್ಲೇ ಬಿಡುವುದು, ಮೆಶ್ (ಲೆಕ್ಕಕ್ಕಾಗಿ ಮಾದರಿಯನ್ನು ಒಡೆದ ಸಣ್ಣ ತುಂಡುಗಳ ಜಾಲ) ಇನ್ನೂ ಸ್ಥಿರವಾಗುವ ಮೊದಲೇ ಫಲಿತಾಂಶ ನಂಬುವುದು. ಮೆಶ್ ಒಂದು ಹಂತ ಸಣ್ಣ ಮಾಡಿದಾಗ ಅನುರಣನ 5 ಮೆಗಾಹರ್ಟ್ಸ್‌ಗಿಂತ ಹೆಚ್ಚು ಕದಲಿದರೆ ಇನ್ನೂ ಮುಗಿದಿಲ್ಲ.

ಮಾಡಿದ ಆಂಟೆನಾವನ್ನು ಸರಿಪಡಿಸಬಹುದೇ?

ಆವೃತ್ತಿ ಕಡಿಮೆ ಬಂದಿದ್ದರೆ ಸುಲಭ. ಉದಾಹರಣೆಗೆ 2.39 ಗಿಗಾಹರ್ಟ್ಸ್ ಬಂದಿದೆ. ವಿದ್ಯುತ್ ಉದ್ದ 30.3ನ್ನು 2.39ರಿಂದ ಗುಣಿಸಿ 2.45ರಿಂದ ಭಾಗಿಸಿದರೆ 29.6, ಅಂದರೆ ಸುಮಾರು 0.7 ಮಿ.ಮೀ. ತೆಗೆಯಬೇಕು. ಫೀಡ್‌ಗೆ ಎದುರಿನ ಅಂಚಿನಲ್ಲಿ ಉಕ್ಕಿನ ಪಟ್ಟಿ ಇಟ್ಟು ಹರಿತ ಚಾಕುವಿನಿಂದ ಮೊದಲು 0.4 ಮಿ.ಮೀ. ಗೆರೆ ಕೊರೆದು, ಸಾಲ್ಡರಿಂಗ್ ಕಬ್ಬಿಣದಿಂದ ಬಿಸಿ ಮಾಡಿ ತಾಮ್ರದ ಎಳೆ ಎತ್ತಿ, ಮತ್ತೆ ಅಳೆಯಿರಿ. ಅಂಚು ಓರೆಯಾಗಬಾರದು, ಓರೆಯಾದರೆ ಅಡ್ಡ ಧ್ರುವೀಕರಣ (ಬೇಡದ ಅಡ್ಡ ದಿಕ್ಕಿನ ಕ್ಷೇತ್ರ) ಏರುತ್ತದೆ. ಆವೃತ್ತಿ ಹೆಚ್ಚು ಬಂದಿದ್ದರೆ ತಾಮ್ರದ ಪಟ್ಟಿ ಅಂಟಿಸಿ ಬೆಸೆಯಬೇಕು, ಆ ಕೆಲಸ ಅಷ್ಟು ಚೊಕ್ಕವಾಗಿ ಆಗುವುದಿಲ್ಲ. ಆದ್ದರಿಂದ ಮೊದಲ ಮಾದರಿಯ ಉದ್ದ ಅರ್ಧ ಮಿ.ಮೀ. ಹೆಚ್ಚೇ ಇರಲಿ.

ಆನೆಕೋಯಿಕ್ ಕೋಣೆ (ಅಲೆಗಳು ಪ್ರತಿಫಲಿಸದ ಕೋಣೆ) ಇಲ್ಲದೆ ಗೇನ್ ಅಳೆಯುವುದು ಹೇಗೆ?

ಒಂದೇ ತರದ ಎರಡು ಆಂಟೆನಾ ಮಾಡಿ. ವೆಕ್ಟರ್ ನೆಟ್‌ವರ್ಕ್ ಅನಲೈಸರನ್ನು ಕೇಬಲ್ಲಿನ ತುದಿಯಲ್ಲಿ ಕ್ಯಾಲಿಬ್ರೇಟ್ ಮಾಡಿ, ಆಂಟೆನಾಗಳನ್ನು 1.5 ಮೀಟರ್ ದೂರದಲ್ಲಿ, ನೆಲದಿಂದ ಸಾಕಷ್ಟು ಎತ್ತರದಲ್ಲಿ, ಎದುರುಬದುರಾಗಿ ನಿಲ್ಲಿಸಿ. ಈ ದೂರಕ್ಕೆ 2.45 ಗಿಗಾಹರ್ಟ್ಸ್‌ನಲ್ಲಿ ಮಾರ್ಗ ನಷ್ಟ 43.8 ಡಿಬಿ. ಎಸ್21 (ಒಂದು ಆಂಟೆನಾದಿಂದ ಇನ್ನೊಂದಕ್ಕೆ ತಲುಪುವ ಶಕ್ತಿಯ ಅಳತೆ) ಮೈನಸ್ 38 ಡಿಬಿ ಬಂದರೆ ಎರಡೂ ಆಂಟೆನಾಗಳ ಗೇನ್ ಸೇರಿ 5.8, ಒಂದರದ್ದು 2.9 ಡಿಬಿಐ. ದೂರವನ್ನು ಕೆಲವು ಸೆಂ.ಮೀ.ಗಳಂತೆ ಬದಲಿಸಿ ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯಿರಿ. ಅಳತೆ 2 ಡಿಬಿಗಿಂತ ಹೆಚ್ಚು ಏರಿಳಿದರೆ ನೆಲ, ಗೋಡೆಯ ಪ್ರತಿಫಲನ ಜೋರಾಗಿದೆ, ಜಾಗ ಬದಲಿಸಿ. ಕೇಬಲ್ಲನ್ನು ಕೈಯಲ್ಲಿ ಹಿಡಿದಾಗ ಎಸ್11 ಅಲುಗಿದರೆ ಕೇಬಲ್ಲಿನ ಹೊರಮೈಯಲ್ಲಿ ಪ್ರವಾಹ ಹರಿಯುತ್ತಿದೆ ಎಂದರ್ಥ. ಗ್ರೌಂಡ್ ತೀರಾ ಚಿಕ್ಕದಾದಾಗ ಹೀಗಾಗುತ್ತದೆ. ಕನೆಕ್ಟರ್ ಹತ್ತಿರ ಫೆರೈಟ್ ಹಾಕಿ ನೋಡಿ.

ಡಬ್ಬಿಯೊಳಗೆ ಕೂರಿಸಿದ ಮೇಲೆ ಮತ್ತೆ ಕೆಟ್ಟಿತು. ಏಕೆ?

ಪ್ಯಾಚ್‌ನ ಅಂಚುಗಳ ಮೇಲೆ ಪ್ಲಾಸ್ಟಿಕ್ ತಾಗಿದರೆ ಹೊರಚಾಚಿದ ಕ್ಷೇತ್ರ ಅದರೊಳಗೆ ಹಾದು ಆವೃತ್ತಿ ಇಳಿಯುತ್ತದೆ. ಮುಚ್ಚಳವನ್ನು ಪ್ಯಾಚ್‌ನಿಂದ 5 ಮಿ.ಮೀ. ಅಥವಾ ಹೆಚ್ಚು ದೂರ ಇಡಿ, ಅದಕ್ಕೆ ಜಾಗವಿಲ್ಲದಿದ್ದರೆ ಮುಚ್ಚಳ ಸಮೇತವೇ ಸಿಮ್ಯುಲೇಟ್ ಮಾಡಿ ಉದ್ದ ನಿರ್ಧರಿಸಿ. ಡಬ್ಬಿಗೆ ಬಳಿಯುವ ಲೋಹದ ಪುಡಿಯ ಬಣ್ಣ ಮತ್ತು ಕಾರ್ಬನ್ ಬೆರೆತ ಕಪ್ಪು ಪ್ಲಾಸ್ಟಿಕ್ ಶಕ್ತಿಯನ್ನು ಹೀರಿಕೊಳ್ಳಬಲ್ಲವು. ಎಸ್11 ಆಗಲೂ ಚೆನ್ನಾಗಿಯೇ ಕಾಣಬಹುದು, ಆದ್ದರಿಂದ ಎಸ್21 ಅಳತೆಯನ್ನು ಡಬ್ಬಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ ಮಾಡಿ.